ಬಿಟ್ಟಿ ವಜ್ರ, ಕಾಣದ ಗಾಳ

ಕರ್ನಾಟಕದಲ್ಲಿ ಮದ್ದೂರು ಒಂದೇ ಅಲ್ಲ. ಹೆಸರು ಕೇಳಿದೊಡನೆ ಬಿಸಿ ಬಿಸಿ ವಡೆ ನೆನಪಾಗುವ ಮದ್ದೂರು ಮಂಡ್ಯ ಜಿಲ್ಲೆಯದು. ಮೈಸೂರಿನಿಂದ ಬೆಂಗಳೂರಿನ ದಾರಿ ಹಿಡಿದರೆ ಅದು ಸಿಗುತ್ತದೆ. ಇನ್ನೊಂದು ಮದ್ದೂರು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಸೀಮೆಯದು. ಅದಕ್ಕೆ ಮೈಸೂರಿನಿಂದ ನಂಜನಗೂಡಿನ ಕಡೆ ತಿರುಗಿ, ಗುಂಡ್ಲುಪೇಟೆ ದಾಟಿ, ಕೇರಳದ ಸುಲ್ತಾನ್ ಬತ್ತೇರಿಯತ್ತ ಹೊರಳಬೇಕು. ಮೈಸೂರಿನ ಬಸ್ ನಿಲ್ದಾಣದಲ್ಲಿ ಹೊಸಬನೊಬ್ಬ ‘ಮದ್ದೂರಿಗೆ ಬಸ್ಸು ಯಾವುದು?’ ಎಂದಷ್ಟೇ ಕೇಳಿದರೆ, ‘ಯಾವ ಮದ್ದೂರು ಸ್ವಾಮಿ?’ ಎಂಬ ಮರುಪ್ರಶ್ನೆ ಬರುವುದು ಸಹಜ. ಹೆಸರು ಒಂದೇ ಆದರೂ ಊರು ಬೇರೆ. ತಾಲ್ಲೂಕು, ಜಿಲ್ಲೆ ಹೇಳದೆ ಬಸ್ಸು ಹತ್ತಿದವನು ಕಾಡಿನ ಬದಲು ವಡೆ ಅಂಗಡಿಯ ಮುಂದೆ ಇಳಿದಾನು!

ಮೊಬೈಲ್ ಫೋನಿನಲ್ಲಿ ಈ ಮರುಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಒಂದೇ ಹೆಸರಿನ, ಒಂದೇ ಬಣ್ಣದ, ಒಂದೇ ಮುಖದ ಎರಡು ಬಾಗಿಲುಗಳಿದ್ದರೆ ಮಕ್ಕಳು ಮೊದಲು ಕಂಡದ್ದನ್ನೇ ತಟ್ಟುತ್ತಾರೆ. ಆನ್‌ಲೈನ್ ಆಟಗಳ ಖಾತೆ ಕಳವಿನ ಗುಟ್ಟೆಲ್ಲ ಇರುವುದು ಇಷ್ಟರಲ್ಲೇ.

ಗುಂಡ್ಲುಪೇಟೆ ಸೀಮೆಯ ಯಾವುದಾದರೂ ಕಾಡಂಚಿನ ಊರಿನಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬನಿದ್ದಾನೆ ಎಂದು ಊಹಿಸಿಕೊಳ್ಳಿ. ಆನೆ, ಹಂದಿಗಳಿಂದ ಬೆಳೆ ಕಾಯಲು ಅಪ್ಪ ರಾತ್ರಿ ಹೊಲದ ಅಟ್ಟಣೆಗೆ ಹೋಗಿದ್ದಾನೆ. ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿದೆ. ಹುಡುಗ ಎರಡು ವರ್ಷದಿಂದ ಆಡಿ ಬೆಳೆಸಿದ ಆಟದ ಖಾತೆ ಅದರಲ್ಲಿದೆ. ಸಹಪಾಠಿಯ ನಂಬರಿನಿಂದ ವಾಟ್ಸ್‌ಆ್ಯಪ್ ಸಂದೇಶವೊಂದು ಬರುತ್ತದೆ: ಐದು ಸಾವಿರ ಡೈಮಂಡ್ ಉಚಿತ, ಈ ರಾತ್ರಿ ಹನ್ನೆರಡರವರೆಗೆ ಮಾತ್ರ. ಕೆಳಗೊಂದು ಲಿಂಕು. ಒತ್ತಿದರೆ ಆಟದ ಚಿತ್ರವೇ, ಆಟದ ಹೆಸರೇ. ‘ಫೇಸ್‌ಬುಕ್ ಮೂಲಕ ಒಳಗೆ ಬನ್ನಿ’ ಎನ್ನುತ್ತದೆ ಪುಟ. ಹುಡುಗ ಪಾಸ್‌ವರ್ಡ್ ಬರೆಯುತ್ತಾನೆ. ಅಪ್ಪನ ನಂಬರಿಗೆ ಒಟಿಪಿ ಬರುತ್ತದೆ. ಅದನ್ನೂ ಬರೆಯುತ್ತಾನೆ. ‘ಪರಿಶೀಲನೆ ನಡೆಯುತ್ತಿದೆ, 24 ಗಂಟೆ ಕಾಯಿರಿ’ ಎಂದು ಪುಟ ಮೌನವಾಗುತ್ತದೆ.

ಬೆಳಿಗ್ಗೆ ಆಟ ತೆರೆಯುವುದಿಲ್ಲ. ಪಾಸ್‌ವರ್ಡ್ ಬದಲಾಗಿದೆ, ಖಾತೆಗೆ ಜೋಡಿಸಿದ್ದ ಇ-ಮೇಲ್ ಬದಲಾಗಿದೆ. ವಿಚಾರಿಸಿದರೆ ಆ ಸಹಪಾಠಿ ಸಂದೇಶ ಕಳುಹಿಸಿಯೇ ಇಲ್ಲ. ಅವನ ಖಾತೆಯೂ ಹಿಂದಿನ ದಿನವೇ ಕಳ್ಳರ ಪಾಲಾಗಿತ್ತು. ‘ಯಾಕ್ಲಾ ಮಗ, ಮಂಕಾಗಿದ್ದೀಯೆ?’ ಎಂದು ಅವ್ವ ಕೇಳಿದರೆ, ‘ಏನೂ ಇಲ್ಲ ಕನವ್ವ’ ಎಂದು ಹುಡುಗ ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಡುತ್ತಾನೆ.

ಈ ಹುಡುಗ ಕಲ್ಪನೆಯವನು. ಆದರೆ ಮೋಸ ನಡೆಯುವ ಕ್ರಮ ಕಲ್ಪನೆಯದಲ್ಲ. ಹೆಚ್ಚು ಕಡಿಮೆ ಇದೇ ರೀತಿ ನಡೆಯುತ್ತದೆ. ಕೊನೆಗೆ ಹುಡುಗ ಹೇಳಿದ ‘ಏನೂ ಇಲ್ಲ’ ಎಂಬ ಮಾತೇ ಕಳ್ಳನಿಗೆ ಸಿಗುವ ದೊಡ್ಡ ಸಹಾಯ. ಆ ವಿಷಯಕ್ಕೆ ಆಮೇಲೆ ಬರೋಣ.

ಗಾಳ ಹಳೆಯದು

ಈ ಬಗೆಯ ಮೋಸಕ್ಕೆ ‘ಫಿಶಿಂಗ್’ ಎಂದು ಹೆಸರು. ಮೀನು ಹಿಡಿಯುವುದಕ್ಕೆ ಇರುವ ಇಂಗ್ಲಿಷ್ ಪದವನ್ನೇ ಕಾಗುಣಿತ ಬದಲಿಸಿ ಮಾಡಿದ ಪದ ಇದು. ಗಾಳದ ತುದಿಗೆ ಎರೆಹುಳು ಸಿಕ್ಕಿಸಿ ನೀರಿಗೆ ಬಿಟ್ಟಂತೆ, ಬಿಟ್ಟಿ ಬಹುಮಾನ ಸಿಕ್ಕಿಸಿ ಸಾವಿರಾರು ಜನಕ್ಕೆ ಸಂದೇಶ ಬಿಡುವುದು. ಎಲ್ಲ ಮೀನೂ ಕಚ್ಚಬೇಕಿಲ್ಲ, ಸಾವಿರಕ್ಕೆ ಹತ್ತು ಕಚ್ಚಿದರೂ ಕಳ್ಳನಿಗೆ ಲಾಭವೇ.

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಅಮೆರಿಕದಲ್ಲಿ ‘ಅಮೆರಿಕ ಆನ್‌ಲೈನ್’ ಎಂಬ ಕಂಪನಿಯ ಗ್ರಾಹಕರಿಗೆ ಹದಿಹರೆಯದ ಹುಡುಗರು ಕಂಪನಿಯ ಸಿಬ್ಬಂದಿಯ ಸೋಗು ಹಾಕಿ ಸಂದೇಶ ಕಳುಹಿಸಿ, ‘ಪರಿಶೀಲನೆಗಾಗಿ’ ಎಂದು ಪಾಸ್‌ವರ್ಡ್ ಕೇಳುತ್ತಿದ್ದರು. ಆ ಕೆಲಸವನ್ನು ಸುಲಭ ಮಾಡಿಕೊಡುವ ತಂತ್ರಾಂಶವೂ ಹುಟ್ಟಿಕೊಂಡಿತ್ತು. ನಮ್ಮ ಸಿಬ್ಬಂದಿ ಯಾರೂ ನಿಮ್ಮ ಪಾಸ್‌ವರ್ಡ್ ಕೇಳುವುದಿಲ್ಲ ಎಂದು ಕಂಪನಿ ಗ್ರಾಹಕರಿಗೆ ಎಚ್ಚರಿಕೆ ಕೊಡತೊಡಗಿತು. ಮೂವತ್ತು ವರ್ಷ ಕಳೆದರೂ ಬ್ಯಾಂಕುಗಳೂ ಆಟದ ಕಂಪನಿಗಳೂ ಅದೇ ಮಾತನ್ನು ಹೇಳುತ್ತಿವೆ. ಹಾಗೆಯೇ ಜನ ಪಾಸ್‌ವರ್ಡ್ ಹೇಳುವುದೂ ನಿಂತಿಲ್ಲ.

ಆಟದೊಳಗಿನ ಸ್ವತ್ತು ಸ್ವತ್ತೇ?

‘ಆಟದೊಳಗಿನ ಬಂದೂಕು, ಅಂಗಿ, ವಜ್ರ ಎಲ್ಲ ಬರೀ ಚಿತ್ರ. ಹೋದರೆ ಹೋಯಿತು’ ಎಂದು ದೊಡ್ಡವರು ನಕ್ಕುಬಿಡುವುದುಂಟು. ನ್ಯಾಯಾಲಯಗಳು ಹಾಗೆ ನಕ್ಕಿಲ್ಲ.

2007ರ ನವೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಪೊಲೀಸರು 17 ವರ್ಷದ ಹುಡುಗನೊಬ್ಬನನ್ನು ಬಂಧಿಸಿದರು. ‘ಹ್ಯಾಬೊ ಹೋಟೆಲ್’ ಎಂಬ ಆನ್‌ಲೈನ್ ಲೋಕದಲ್ಲಿ ಮಕ್ಕಳು ದುಡ್ಡು ಕೊಟ್ಟು ಮೇಜು, ಕುರ್ಚಿ ಕೊಂಡು ತಮ್ಮ ಕೋಣೆ ಅಲಂಕರಿಸುತ್ತಿದ್ದರು. ಅದರದೇ ಹೋಲಿಕೆಯ ನಕಲಿ ಪುಟ ಮಾಡಿ, ಪಾಸ್‌ವರ್ಡ್ ಸಂಗ್ರಹಿಸಿ, ಸುಮಾರು 4,000 ಯೂರೋ ಬೆಲೆಯ ಪೀಠೋಪಕರಣ ಸಾಗಿಸಿದ ಆರೋಪ ಅವನ ಮೇಲೆ ಬಂತು. ಪೊಲೀಸರು ಪ್ರಶ್ನಿಸಿದ ಉಳಿದವರು ಹದಿನೈದರ ಆಸುಪಾಸಿನವರು. ಕಳ್ಳನೂ ಪೋರನೇ, ಕಳೆದುಕೊಂಡವನೂ ಪೋರನೇ!

ಅದೇ ವರ್ಷ ಅದೇ ದೇಶದಲ್ಲಿ ಇನ್ನೂ ಗಂಭೀರ ಘಟನೆ ನಡೆಯಿತು. 13 ವರ್ಷದ ಬಾಲಕನನ್ನು ಇಬ್ಬರು ಹುಡುಗರು ಹೊಡೆದು, ಚಾಕು ತೋರಿಸಿ ಬೆದರಿಸಿ, ‘ರೂನ್‌ಸ್ಕೇಪ್’ ಆಟದಲ್ಲಿ ಅವನ ಬಳಿ ಇದ್ದ ಒಂದು ತಾಯಿತ ಮತ್ತು ಒಂದು ಮುಖವಾಡವನ್ನು ತಮ್ಮ ಖಾತೆಗೆ ಬರುವಂತೆ ಮಾಡಿಕೊಂಡರು. ಮೊಕದ್ದಮೆ ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಆ ವಸ್ತುಗಳನ್ನು ಕೈಯಲ್ಲಿ ಹಿಡಿಯಲಾಗದಿದ್ದರೂ, ಅವುಗಳನ್ನು ಗಳಿಸಲು ಬಾಲಕ ಕಾಲ ಮತ್ತು ಶ್ರಮ ಸುರಿದಿದ್ದಾನೆ, ಅವು ಅವನಿಗೆ ಬೆಲೆಯುಳ್ಳವು, ಆದ್ದರಿಂದ ಇದು ಕಳವೇ ಎಂದು 2012ರ ಜನವರಿಯಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು.

ಮಕ್ಕಳು ಕಳೆದುಕೊಳ್ಳುವುದು ‘ಬರೀ ಚಿತ್ರ’ ಅಲ್ಲ ಎಂಬುದಕ್ಕೆ ಲೆಕ್ಕವೂ ಇದೆ. ‘ಸ್ಟೀಮ್’ ಎಂಬ ಆಟಗಳ ಮಳಿಗೆ ನಡೆಸುವ ವಾಲ್ವ್ ಕಂಪನಿ 2015ರ ಡಿಸೆಂಬರ್‌ನಲ್ಲಿ ಹೇಳಿಕೊಂಡಂತೆ, ತಿಂಗಳಿಗೆ ಸುಮಾರು 77,000 ಖಾತೆಗಳು ಕಳ್ಳರ ಕೈಸೇರಿ ಬರಿದಾಗುತ್ತಿದ್ದವು. ಹಾಗೆ ಕಳೆದುಕೊಂಡವರಲ್ಲಿ ವೃತ್ತಿಪರ ಆಟಗಾರರೂ ಇದ್ದರು. ಮೋಸ ಹೋಗುವವರು ದಡ್ಡರು ಎಂಬ ಭಾವನೆಯನ್ನು ತಂದೆ ತಾಯಂದಿರು ಮೊದಲು ಬಿಡಬೇಕು.

ಎರೆಹುಳುವಿನ ಬಗೆಗಳು

ಭಾರತದಲ್ಲಿ ಪಬ್‌ಜಿ ಆಟಕ್ಕೆ 2020ರ ಸೆಪ್ಟೆಂಬರ್‌ನಲ್ಲಿ, ಫ್ರೀ ಫೈರ್ ಆಟಕ್ಕೆ 2022ರ ಫೆಬ್ರವರಿಯಲ್ಲಿ ಸರ್ಕಾರ ನಿಷೇಧ ಹೇರಿತು. ಪಬ್‌ಜಿಯ ಭಾರತೀಯ ರೂಪವಾದ ಬಿಜಿಎಂಐ 2021ರ ಜುಲೈನಲ್ಲಿ ಬಂತು. ಅಂಗಡಿಯಲ್ಲಿ ಸಿಗದ ಆಟವನ್ನು ಅಡ್ಡದಾರಿಯಿಂದ ಫೋನಿಗೆ ಇಳಿಸಿಕೊಳ್ಳುವುದು ಅನೇಕ ಹುಡುಗರಿಗೆ ರೂಢಿಯಾದರೆ ಆಶ್ಚರ್ಯವೇನು? ಅಡ್ಡದಾರಿಯಲ್ಲಿ ಕಾದು ಕುಳಿತವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇನ್ನಾವುದು?

ಗಾಳಕ್ಕೆ ಸಿಕ್ಕಿಸುವ ಎರೆ ಮುಖ್ಯವಾಗಿ ನಾಲ್ಕು ಬಗೆಯದು. ಮೊದಲನೆಯದು ಬಿಟ್ಟಿಯ ಆಸೆ. ಫ್ರೀ ಫೈರ್‌ನಲ್ಲಿ ಡೈಮಂಡ್, ಬಿಜಿಎಂಐನಲ್ಲಿ ಯುಸಿ, ರೋಬ್ಲಾಕ್ಸ್‌ನಲ್ಲಿ ರೋಬಕ್ಸ್ ಎಂದು ಹೆಸರು ಬೇರೆಯಾದರೂ ‘ಉಚಿತವಾಗಿ ಉತ್ಪಾದಿಸಿ ಕೊಡುತ್ತೇವೆ’ ಎಂಬ ಮಾತು ಎಲ್ಲ ಕಡೆಯೂ ಒಂದೇ. ದುಡ್ಡಿಗೆ ಮಾರುವ ವಸ್ತುವನ್ನು ಕಂಪನಿ ಬಿಟ್ಟು ಬೇರೆಯವರು ಉತ್ಪಾದಿಸಲು ಸಾಧ್ಯವೇ ಇಲ್ಲ ಎಂಬುದು ಹೊಳೆಯುವಷ್ಟರಲ್ಲಿ ಪಾಸ್‌ವರ್ಡ್ ಹೋಗಿರುತ್ತದೆ.

ಎರಡನೆಯದು ಹೆದರಿಕೆ. ‘ನಿನ್ನ ಖಾತೆಯ ಮೇಲೆ ತಪ್ಪಾಗಿ ದೂರು ಕೊಟ್ಟುಬಿಟ್ಟೆ, ಕ್ಷಮಿಸು. ಈ ಅಧಿಕಾರಿಯ ಜೊತೆ ಮಾತಾಡು, ಇಲ್ಲದಿದ್ದರೆ ಖಾತೆ ರದ್ದಾಗುತ್ತದೆ’ ಎಂದು ಅಪರಿಚಿತನೊಬ್ಬ ಬರೆಯುತ್ತಾನೆ. ಆ ‘ಅಧಿಕಾರಿ’ಯೂ ಅವನೇ, ಇಲ್ಲವೇ ಅವನ ಜೊತೆಗಾರ.

ಮೂರನೆಯದು ಸ್ನೇಹ. ‘ನಮ್ಮ ತಂಡಕ್ಕೆ ಒಂದು ಓಟು ಹಾಕು’ ಎಂದು ಗೆಳೆಯನ ಖಾತೆಯಿಂದಲೇ ಲಿಂಕು ಬರುತ್ತದೆ. ಒಂದು ಖಾತೆ ಬಿದ್ದರೆ ಅದರ ಗೆಳೆಯರೆಲ್ಲ ಸರದಿಯಲ್ಲಿ ನಿಂತಂತೆ.

ನಾಲ್ಕನೆಯದು ಗೆಲ್ಲುವ ಹಟ. ಗೋಡೆಯಾಚೆಯ ಶತ್ರು ಕಾಣುವಂತೆ ಮಾಡುತ್ತೇವೆ, ಗುರಿ ತಪ್ಪದಂತೆ ಮಾಡುತ್ತೇವೆ ಎಂದು ಆಟದ ‘ಮಾರ್ಪಡಿಸಿದ’ ಪ್ರತಿ ಕೊಡುತ್ತಾರೆ. ಅದು ಫೋನಿಗಿಳಿದು, ಎಸ್‌ಎಂಎಸ್ ಓದಲು, ಪರದೆಯ ಮೇಲಿನದನ್ನು ನೋಡಲು ಅನುಮತಿ ಕೇಳುತ್ತದೆ. ಒಪ್ಪಿಗೆ ಕೊಟ್ಟರೆ ಪಾಸ್‌ವರ್ಡ್ ಕೇಳುವ ತೊಂದರೆಯೂ ಕಳ್ಳನಿಗಿಲ್ಲ.

ಇಲ್ಲಿ ನಿಜವಾದ ಅಪಾಯ ಆಟದಲ್ಲಿ ಮುಗಿಯುವುದಿಲ್ಲ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಫೋನು ಒಂದೇ. ಆಟ ಜೋಡಿಸಿರುವುದು ಅಪ್ಪನ ಗೂಗಲ್ ಖಾತೆಗೆ. ಅದೇ ಖಾತೆಯಲ್ಲಿ ಮನೆಮಂದಿಯ ಫೋಟೋಗಳು, ಪಹಣಿ ಮತ್ತು ಆಧಾರ್ ಚೀಟಿಯ ಚಿತ್ರಗಳು, ನೆಂಟರಿಷ್ಟರ ನಂಬರುಗಳು. ಅದೇ ಫೋನಿಗೆ ಬ್ಯಾಂಕಿನ ಒಟಿಪಿ ಬರುವುದು. ಕಳ್ಳ ಬಂದದ್ದು ವಜ್ರದ ಕಿಟಕಿಯಿಂದ. ಹೊಕ್ಕದ್ದು ಇಡೀ ಮನೆಗೆ.

ವಿಳಾಸದ ಕೊನೆಯ ಸಾಲು

ಹಾಗಾದರೆ ಅಸಲಿ ಬಾಗಿಲು ಯಾವುದು, ನಕಲಿ ಯಾವುದು ಎಂದು ತಿಳಿಯುವುದು ಹೇಗೆ? ಇಲ್ಲಿ ಎರಡು ಮದ್ದೂರುಗಳು ನೆರವಿಗೆ ಬರುತ್ತವೆ. ಅಂಚೆ ವಿಳಾಸದಲ್ಲಿ ಊರಿನ ಹೆಸರು ಮೊದಲು ಬರುತ್ತದೆ, ತಾಲ್ಲೂಕು, ಜಿಲ್ಲೆ ಕೊನೆಗೆ. ಪತ್ರ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಆ ಕೊನೆಯ ಸಾಲೇ. ವೆಬ್ ವಿಳಾಸವೂ ಹಾಗೆಯೇ. ವಿಳಾಸದಲ್ಲಿ ಮೊದಲು ಬರುವ ಒಂಟಿ ಓರೆಗೆರೆಯವರೆಗೆ ಓದಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಗೆರೆಯ ಹಿಂದೆಯೇ ಇರುವ ‘ಡಾಟ್ ಕಾಮ್’ ಅಥವಾ ‘ಡಾಟ್ ಇನ್’, ಅದಕ್ಕೆ ಅಂಟಿದ ಎಡಗಡೆಯ ಹೆಸರು ಇವೆರಡೇ ಪುಟದ ಒಡೆಯ ಯಾರೆಂದು ಹೇಳುತ್ತವೆ. ಅದಕ್ಕೂ ಎಡಕ್ಕೆ ಏನನ್ನು ಬೇಕಾದರೂ ಬರೆದುಕೊಳ್ಳಬಹುದು. ಮೊದಲಿಗೆ ಫೇಸ್‌ಬುಕ್ ಎಂದು ಬರೆದು, ಚುಕ್ಕಿ ಇಟ್ಟು, ಕೊನೆಗೆ ‘ಉಚಿತ-ವಜ್ರ ಡಾಟ್ ಕಾಮ್’ ಎಂದಿದ್ದರೆ ಅದು ಫೇಸ್‌ಬುಕ್ ಅಲ್ಲ; ಉಚಿತ-ವಜ್ರದವನ ಅಂಗಡಿ. ಹೆಸರು ಮದ್ದೂರು, ಜಿಲ್ಲೆ ಬೇರೆ!

ವಿಳಾಸದ ಬಳಿ ಬೀಗದ ಚಿತ್ರವಿದ್ದರೆ ನಂಬಬಹುದೆಂಬ ತಪ್ಪು ತಿಳಿವಳಿಕೆ ಇದೆ. ನಡುದಾರಿಯಲ್ಲಿ ಯಾರೂ ಕದ್ದು ಓದುವುದಿಲ್ಲ ಎಂಬುದಷ್ಟೇ ಆ ಬೀಗದ ಅರ್ಥ. ಆ ತುದಿಯಲ್ಲಿ ಕುಳಿತವನೇ ಕಳ್ಳನಾದರೆ ಬೀಗ ಏನು ಮಾಡೀತು? ಎಲ್ಲಕ್ಕಿಂತ ಸುಲಭದ ಉಪಾಯವೆಂದರೆ, ಬಂದ ಲಿಂಕನ್ನು ಒತ್ತದೆ ಆಟವನ್ನೇ ತೆರೆದು ನೋಡುವುದು. ಬಹುಮಾನ ನಿಜವಾದರೆ ಅದು ಆಟದೊಳಗೇ ಕಾಣುತ್ತದೆ.

ಮದ್ದೂರಿನ ಗೇಟು

ಬತ್ತೇರಿಯ ದಾರಿಯಲ್ಲಿ, ಮದ್ದೂರಿನಲ್ಲಿ, ಅರಣ್ಯದ ಚೆಕ್‌ಪೋಸ್ಟ್ ಇದೆ. ಕಾಡುಪ್ರಾಣಿಗಳ ರಕ್ಷಣೆಗಾಗಿ 2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧಿಸಲಾಗಿದೆ. ಆಂಬುಲೆನ್ಸ್‌ನಂಥ ತುರ್ತು ವಾಹನ, ಕೆಲವೇ ಬಸ್ಸುಗಳನ್ನು ಬಿಟ್ಟರೆ ಗೇಟು ತೆರೆಯುವುದಿಲ್ಲ. ಗಾಡಿ ಓಡಿಸಲು ಕೀಲಿ ಇದ್ದರೆ ಸಾಲದು, ಗೇಟಿನವನೂ ಬಿಡಬೇಕು.

ಆಟದ ಖಾತೆಗೂ ಇಂಥದೊಂದು ಗೇಟು ಹಾಕಬಹುದು. ಪಾಸ್‌ವರ್ಡ್ ಸರಿಯಿದ್ದರೂ ಇನ್ನೊಂದು ಗುರುತು ಕೇಳುವ ‘ಎರಡು ಹಂತದ ಪರಿಶೀಲನೆ’ ಎಂಬ ವ್ಯವಸ್ಥೆ ಗೂಗಲ್, ಫೇಸ್‌ಬುಕ್ ಹಾಗೂ ದೊಡ್ಡ ಆಟಗಳಲ್ಲಿ ಇದೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ಕಂಪನಿ 2008ರಲ್ಲೇ ಇದಕ್ಕಾಗಿ ಕೀಚೈನಿಗೆ ಸಿಕ್ಕಿಸುವ ಪುಟ್ಟ ಯಂತ್ರವನ್ನು ಮಾರಾಟಕ್ಕಿಟ್ಟಿತ್ತು. ಆದರೆ ನೆನಪಿರಲಿ: ನಕಲಿ ಪುಟದಲ್ಲಿ ಒಟಿಪಿಯನ್ನೂ ಬರೆದುಕೊಟ್ಟರೆ ಗೇಟಿನವನಿಗೆ ನಾವೇ ‘ಬಿಟ್ಟುಬಿಡಿ’ ಎಂದಂತೆ. ಮೇಲೆ ಹೇಳಿದ ಹುಡುಗ ಮಾಡಿದ್ದು ಅದನ್ನೇ.

ಆಟಕ್ಕೊಂದು, ಇ-ಮೇಲ್‌ಗೊಂದು ಬೇರೆ ಬೇರೆ ಪಾಸ್‌ವರ್ಡ್ ಇಡಬೇಕು. ಮಗುವಿನ ಆಟವನ್ನು ಅಪ್ಪನ ಖಾತೆಗೆ ಜೋಡಿಸದೆ, ಮಗುವಿನ ಹೆಸರಿನಲ್ಲೇ ಹಿರಿಯರ ಉಸ್ತುವಾರಿಯ ಖಾತೆ ತೆರೆಯುವುದು ಲೇಸು. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಬಹುದು. ಇನ್ನು ಯುಪಿಐ ಪಿನ್ ಬೇಕಾಗುವುದು ಹಣ ಕಳುಹಿಸಲು. ಹಣ ಪಡೆಯಲು ಪಿನ್ ಬೇಡವೇ ಬೇಡ ಎಂಬ ಒಂದು ಮಾತನ್ನು ಮನೆಯ ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಿಲ್ಲ.

ಮೊದಲ ಗಂಟೆ

ಖಾತೆ ಹೋದದ್ದು ಗೊತ್ತಾದ ಮೊದಲ ಗಂಟೆ ಬಹಳ ಮುಖ್ಯ. ಮೊದಲು ಗೂಗಲ್ ಅಥವಾ ಫೇಸ್‌ಬುಕ್ ಪಾಸ್‌ವರ್ಡ್ ಬದಲಿಸಿ, ‘ಎಲ್ಲ ಸಾಧನಗಳಿಂದ ಹೊರಬನ್ನಿ’ ಎಂಬುದನ್ನು ಒತ್ತಬೇಕು. ಖಾತೆಗೆ ಜೋಡಿಸಿದ ಫೋನ್ ನಂಬರು, ಇ-ಮೇಲ್ ನಮ್ಮದೇ ಇದೆಯೇ ನೋಡಬೇಕು. ಆಟದೊಳಗಿನ ಸಹಾಯ ವಿಭಾಗಕ್ಕೆ ಹಳೆಯ ಖರೀದಿಯ ರಸೀದಿ, ಆಟಗಾರನ ಐಡಿ ಸಂಖ್ಯೆಯೊಡನೆ ಬರೆಯಬೇಕು. ಗೆಳೆಯರಿಗೆ ಎಚ್ಚರಿಕೆ ಹೇಳಬೇಕು. ‘ಐನೂರು ಕೊಡಿ, ಖಾತೆ ವಾಪಸು ತಂದುಕೊಡುತ್ತೇನೆ’ ಎನ್ನುವವನ ಬಳಿ ಹೋಗಬಾರದು. ಅದು ಎರಡನೇ ಗಾಳ.

ಹಣವೂ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು. ಇದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ಕಳ್ಳನ ಕೈಗೆ ಸೇರುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ಬ್ಯಾಂಕಿಗೂ ಕೂಡಲೇ ತಿಳಿಸಬೇಕು. ಗ್ರಾಹಕನೇ ಗುಟ್ಟು ಹೇಳಿ ಮೋಸ ಹೋದರೆ ತಿಳಿಸುವವರೆಗಿನ ನಷ್ಟ ಗ್ರಾಹಕನದು, ತಿಳಿಸಿದ ನಂತರದ್ದು ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕು 2017ರ ಸುತ್ತೋಲೆಯಲ್ಲಿ ಹೇಳಿತ್ತು. ಚಾಮರಾಜನಗರದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. ದೂರು ಕೊಡಲು ಬೆಂಗಳೂರಿಗೆ ಹೋಗಬೇಕಾಗಿಲ್ಲ.

ವಿದ್ಯಾರ್ಥಿಗಳು ತಿಳಿಯಬೇಕಾದ ಇನ್ನೊಂದು ಮಾತಿದೆ. ಗೆಳೆಯ ಪಾಸ್‌ವರ್ಡ್ ಬರೆಯುವಾಗ ಹೆಗಲ ಮೇಲಿಂದ ಇಣುಕಿ, ‘ತಮಾಷೆಗೆ’ ಅವನ ಖಾತೆಗೆ ನುಗ್ಗುವುದೂ ತಮಾಷೆಯಲ್ಲ. ಬೇರೆಯವರ ಪಾಸ್‌ವರ್ಡ್ ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನ ಕೆಳಗೆ, ಸೋಗು ಹಾಕಿ ವಂಚಿಸುವುದು 66ಡಿ ಕಲಮಿನ ಕೆಳಗೆ ಅಪರಾಧ. ಎರಡಕ್ಕೂ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ.

ಬೈಯುವ ಮುನ್ನ

ಈಗ ಆ ‘ಏನೂ ಇಲ್ಲ ಕನವ್ವ’ ಎಂಬ ಮಾತಿಗೆ ಬರೋಣ. ಹುಡುಗ ಬಾಯಿ ಬಿಡಲಿಲ್ಲವೇಕೆ? ಅಪ್ಪ ಹೊಡೆದಾನು, ಫೋನು ಕಿತ್ತುಕೊಂಡಾನು ಎಂಬ ಹೆದರಿಕೆ. ಆ ಹೆದರಿಕೆ ಇರುವಷ್ಟು ದಿನ ಕಳ್ಳ ನಿಶ್ಚಿಂತ. ಕೆಲವು ಕಳ್ಳರು ‘ನಿಮ್ಮಪ್ಪನಿಗೆ ಹೇಳುತ್ತೇನೆ’ ಎಂದು ಹೆದರಿಸಿಯೇ ಇನ್ನಷ್ಟು ಕೀಳುವುದುಂಟು.

ಹೆದರಿಕೆ ಇನ್ನೂ ದೂರ ಹೋಗಬಲ್ಲದು. 2021ರ ಜುಲೈ ಕೊನೆಯಲ್ಲಿ ಮಧ್ಯಪ್ರದೇಶದ ಛತ್ತರ್‌ಪುರದಲ್ಲಿ 13 ವರ್ಷದ ಬಾಲಕನೊಬ್ಬ ಆಟದಲ್ಲಿ ಸುಮಾರು 40,000 ರೂಪಾಯಿ ಕಳೆದಿದ್ದ. ಹಣ ಹೋದ ಎಸ್‌ಎಂಎಸ್ ನೋಡಿದ ತಾಯಿ ಗದರಿದರು. ಎಲ್ಲ ತಾಯಂದಿರೂ ಗದರುವಂತೆಯೇ ಗದರಿದ್ದು. ಆ ಮಗು ತಾಯಿಯ ಕ್ಷಮೆ ಕೇಳಿ ಚೀಟಿ ಬರೆದಿಟ್ಟು ಪ್ರಾಣ ಕಳೆದುಕೊಂಡಿತು. ನಲವತ್ತು ಸಾವಿರ ದೊಡ್ಡ ಮೊತ್ತವೇ. ಆದರೆ ಮಗುವಿನ ಮುಂದೆ ಅದೆಷ್ಟು? ಆ ತಾಯಿಯ ತಪ್ಪು ಹುಡುಕಲು ಈ ಮಾತಲ್ಲ. ದುಡ್ಡು ಹೋದ ದಿನ ಮನೆಯಲ್ಲಿ ಮೊದಲು ಕಾಯಬೇಕಾದದ್ದು ಯಾವುದನ್ನು ಎಂಬುದು ಎಲ್ಲ ಮನೆಗಳಿಗೂ ಗೊತ್ತಿರಲಿ ಎಂದು.

ಮಗು ತಾನಾಗಿ ಬಂದು ಹೇಳಿದರೆ ಮೊದಲ ಮಾತು ‘ಹೇಳಿದ್ದು ಒಳ್ಳೇದಾಯ್ತು ಕನ ಮಗ’ ಎಂದಾಗಿರಲಿ. ಬುದ್ಧಿ ಮಾತು ಮಾರನೆಯ ದಿನಕ್ಕೂ ಇರುತ್ತದೆ. ತೀರಾ ಕಂಗಾಲಾದ ಮಕ್ಕಳಿಗೆ ಮಕ್ಕಳ ಸಹಾಯವಾಣಿ 1098, ಮನಸ್ಸಿನ ನೆಮ್ಮದಿ ಕೆಟ್ಟವರಿಗೆ ಟೆಲಿ-ಮಾನಸ್‌ನ 14416 ಇವೆ. ಎರಡಕ್ಕೂ ಕಾಸು ಬೇಕಿಲ್ಲ. ವಾರಕ್ಕೊಮ್ಮೆ ಅಪ್ಪನೋ ಅವ್ವನೋ ಮಗುವಿನ ಪಕ್ಕ ಕುಳಿತು, ‘ನಿನ್ನ ಆಟ ಹೆಂಗೆ, ನಂಗೂ ತೋರ್ಸು’ ಎಂದರೆ ಎಷ್ಟೋ ಕೆಲಸವಾಗುತ್ತದೆ. ಆಟ ಗೊತ್ತಿರುವ ಮನೆಯಲ್ಲಿ ಮೋಸ ಬೇಗ ಗೊತ್ತಾಗುತ್ತದೆ.

ಕಾಡಂಚಿನ ರೈತ ಆನೆಗೆ ಕಂದಕ ತೋಡುತ್ತಾನೆ, ಬೇಲಿ ಕಟ್ಟುತ್ತಾನೆ. ಆದರೂ ಅಟ್ಟಣೆಯಲ್ಲಿ ಕುಳಿತವರು ಒಬ್ಬರನ್ನೊಬ್ಬರು ಕೂಗಿ ಎಚ್ಚರಿಸುವುದನ್ನು ಬಿಡುವುದಿಲ್ಲ. ಆನೆ ಬಂದದ್ದು ಯಾರ ಹೊಲಕ್ಕೆ ಎಂದು ನಾಚಿ ಸುಮ್ಮನೆ ಕೂತರೆ ಬೆಳಗಾಗುವಷ್ಟರಲ್ಲಿ ಊರಿನ ಬೆಳೆಯೇ ಹೋಗಿರುತ್ತದೆ. ಮನೆಯೊಳಗಿನ ಈ ಪುಟ್ಟ ಪರದೆಯ ಕಾವಲಿಗೂ ಬೇಕಾದದ್ದು ಅದೇ ಕೂಗು. ಅದನ್ನು ಕೂಗಲು ಮಗುವಿಗೆ ಧೈರ್ಯ ಕೊಡುವುದು ಮಾತ್ರ ದೊಡ್ಡವರ ಕೆಲಸ.